ಕೂಲ್ಗಾರ್ಡಿಯ ಪೈಪಿನ ಲೆಕ್ಕ: ನೀರಿಗೆ ಹಣ ಮಂಜೂರು ಮಾಡುವವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಶಾಸಕರಿಗೆ, ನೀರಿನ ಯೋಜನೆಗಳ ಬಗ್ಗೆ ಬರೆಯುವ ಪತ್ರಕರ್ತರಿಗೆ,

ಮಾನ್ಯರೇ,

ದೂರದ ಊರಿಗೆ ನೀರೆತ್ತುವ ಯೋಜನೆಯೊಂದು ಸದನಕ್ಕೆ ಬಂದಾಗ ಮಾತು ಸುತ್ತುವುದು ಹೆಚ್ಚಾಗಿ ಎರಡು ಅಂಕಿಗಳ ಸುತ್ತ: ಎಷ್ಟು ಟಿಎಂಸಿ, ಎಷ್ಟು ಕೋಟಿ. ಪರವಾಗಿ ಮಾತಾಡುವವರಿಗೂ ಇವೇ ಅಂಕಿ, ವಿರೋಧಿಸುವವರಿಗೂ ಇವೇ. ಪೈಪಿನೊಳಗೆ ನೀರು ಎಷ್ಟು ವೇಗದಲ್ಲಿ ಹೋಗುತ್ತದೆ, ತಿಕ್ಕಾಟಕ್ಕೆ ಎಷ್ಟು ಹೆಡ್ (ಮೀಟರ್ ಎತ್ತರದ ಲೆಕ್ಕದಲ್ಲಿ ಹೇಳುವ ನೀರಿನ ಒತ್ತಡ) ಹೋಗುತ್ತದೆ, ಒಂದು ಸಾವಿರ ಲೀಟರಿಗೆ ಎಷ್ಟು ಯೂನಿಟ್ ಕರೆಂಟು ಬೇಕು, ಜೋಡಣೆಗಳಲ್ಲಿ ಎಷ್ಟು ಸೋರುತ್ತದೆ ಎಂಬ ಪುಟ ಅಂದಾಜು ಪಟ್ಟಿಯ ಅನುಬಂಧದಲ್ಲೇ ಉಳಿದುಬಿಡುತ್ತದೆ. ಆ ಪುಟ ಸದನದ ಮೇಜಿಗೆ ಬರಬೇಕು, ಅದನ್ನು ಬರೆದ ಎಂಜಿನಿಯರಿಗೆ ಎಲ್ಲರೆದುರು ವಿವರಿಸುವ ಅವಕಾಶ ಇರಬೇಕು ಎಂದು ಕೇಳಲು ಈ ಪತ್ರ. ಯಾಕೆ ಕೇಳುತ್ತಿದ್ದೇವೆ ಎಂಬುದಕ್ಕೆ ನೂರಿಪ್ಪತ್ತು ವರ್ಷ ಹಿಂದಿನ ಒಬ್ಬ ಎಂಜಿನಿಯರರ ಕೆಲಸವನ್ನು ತಮ್ಮ ಮುಂದಿಡುತ್ತೇವೆ. ಅವರ ಹೆಸರು ಚಾರ್ಲ್ಸ್ ಯೆಲ್ವರ್ಟನ್ ಓಕಾನರ್. ಪಶ್ಚಿಮ ಆಸ್ಟ್ರೇಲಿಯಾದ ಕೂಲ್ಗಾರ್ಡಿ ಎಂಬ ಚಿನ್ನದ ನೆಲಕ್ಕೆ ಪೈಪಿನಲ್ಲಿ ನೀರು ತರುವ ಯೋಜನೆ ಅವರದು.

ಓಕಾನರ್ ಹುಟ್ಟಿದ್ದು 1843ರ ಜನವರಿಯಲ್ಲಿ, ಐರ್ಲೆಂಡಿನ ಮೀತ್ ಕೌಂಟಿಯಲ್ಲಿ. ಹದಿಹರೆಯದಲ್ಲೇ ರೈಲ್ವೆ ಎಂಜಿನಿಯರೊಬ್ಬರ ಕೈಕೆಳಗೆ ಕೆಲಸ ಕಲಿತು, 1865ರಲ್ಲಿ ನ್ಯೂಜಿಲೆಂಡಿಗೆ ಹೋದರು. ಅಲ್ಲಿ ಕಾಲು ಶತಮಾನ ಬೆಟ್ಟದ ರಸ್ತೆ, ರೈಲು, ಗ್ರೇಮೌತ್ ಮತ್ತು ವೆಸ್ಟ್‌ಪೋರ್ಟಿನ ಅಳಿವೆ ಬಂದರುಗಳ ಕೆಲಸ. ಮುಖ್ಯ ಎಂಜಿನಿಯರ್ ಹುದ್ದೆ ಕೈತಪ್ಪಿತು. 1891ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ವಸಾಹತಿನ ಪ್ರಧಾನಿ ಜಾನ್ ಫಾರೆಸ್ಟ್ ಅವರನ್ನು ಮುಖ್ಯ ಎಂಜಿನಿಯರಾಗಿ ಕರೆಸಿಕೊಂಡರು. ತಮ್ಮ ಪಾಲಿಗೆ ಬರುವ ಕೆಲಸ ರೈಲೋ ಬಂದರೋ ಎಂದು ಓಕಾನರ್ ಕೇಳಿದಾಗ, ರೈಲು, ಬಂದರು, ಎಲ್ಲವೂ ಎಂಬ ಉತ್ತರ ಬಂತು. ಆಗ ಆ ಇಡೀ ವಸಾಹತಿನ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು.

ಮೊದಲ ದೊಡ್ಡ ಕೆಲಸ ಫ್ರೀಮ್ಯಾಂಟಲ್ ಬಂದರು. ಸ್ವಾನ್ ನದಿ ಸಮುದ್ರ ಸೇರುವ ಅಳಿವೆಯ ಬಾಯಿಗೆ ಅಡ್ಡಲಾಗಿ ಸುಣ್ಣಕಲ್ಲಿನ ಬಂಡೆಯ ದಂಡೆಯಿತ್ತು, ಅದರ ಮೇಲೆ ಮರಳು. ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಹೊರಗಿನ ತೆರೆದ ಕಡಲಲ್ಲಿ ಲಂಗರು ಹಾಕಿ ಸರಕನ್ನು ದೋಣಿಗಿಳಿಸಬೇಕಿತ್ತು. ಇಂಗ್ಲೆಂಡಿನ ಅಂಚೆ ಹಡಗುಗಳು ಫ್ರೀಮ್ಯಾಂಟಲನ್ನು ಬಿಟ್ಟು ದಕ್ಷಿಣದ ಆಲ್ಬನಿಗೆ ಹೋಗುತ್ತಿದ್ದವು.

ಇದಕ್ಕೆ ಪರಿಹಾರ ಕೇಳಿದ್ದು ಸಣ್ಣ ವ್ಯಕ್ತಿಯನ್ನಲ್ಲ. ಪೋರ್ಟ್‌ಲೆಂಡ್ ಅಲೆತಡೆ ಗೋಡೆಯನ್ನು ಮುಗಿಸಿದ, ಕೊಲಂಬೊ ಬಂದರಿನ ಅಲೆತಡೆಯನ್ನು ಕಟ್ಟಿಸಿದ ಸರ್ ಜಾನ್ ಕೂಡ್ ಅವರನ್ನು. ಅಳಿವೆಯನ್ನು ತೆರೆದರೆ ದಂಡೆಗುಂಟ ಸಾಗುವ ಮರಳು ಮತ್ತೆ ಮುಚ್ಚುತ್ತದೆ, ಬಂದರನ್ನು ಹೊರಗೇ ಕಟ್ಟಿ ಎಂಬುದು ಅವರ ಅಭಿಪ್ರಾಯ. ಅವರ ಭಯ ಬರೀ ಭಯವಲ್ಲ. ನಮ್ಮ ಮದರಾಸಿನಲ್ಲೇ ನೋಡಿ. ವಿಲಿಯಂ ಪಾರ್ಕ್ಸ್ ಯೋಜಿಸಿದ ಬಂದರಿನ ಎರಡು ತೋಳುಗಳು ಕಡಲಿಗೆ ಚಾಚಿದ್ದೇ ತಡ, ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತಿದ್ದ ಮರಳು ದಕ್ಷಿಣದ ಬದಿಗೆ ಬಂದು ನಿಂತಿತು. ಇಂದಿನ ಮರೀನಾ ಕಡಲತೀರ ಅಷ್ಟು ಅಗಲವಾದದ್ದು ಹೀಗೆ. ಉತ್ತರದ ದಂಡೆ ಮರಳಿಲ್ಲದೆ ಕೊರೆಯತೊಡಗಿತು. 1881ರ ನವೆಂಬರಿನ ಚಂಡಮಾರುತ ಕಟ್ಟುತ್ತಿದ್ದ ತೋಳುಗಳನ್ನೇ ಮುರಿದುಹಾಕಿತು, ಬಂದರಿನ ಬಾಗಿಲನ್ನು ಮುಂದೆ ಪೂರ್ವದಿಂದ ಈಶಾನ್ಯಕ್ಕೆ ತಿರುಗಿಸಬೇಕಾಯಿತು.

ಓಕಾನರ್ ಹೇಳಿದ್ದು ಇಷ್ಟೇ: ಫ್ರೀಮ್ಯಾಂಟಲಿನಲ್ಲಿ ಮರಳಿನ ಓಟ ಅಷ್ಟಿಲ್ಲ. ಗ್ರೇಮೌತಿನಲ್ಲಿ ಕಲಿತದ್ದನ್ನು ಅವರು ಇಲ್ಲಿ ಹಾಗೇ ನಕಲು ಮಾಡಲೂ ಇಲ್ಲ. ಅಲ್ಲಿ ಬೆಟ್ಟದಿಂದ ಧುಮುಕಿ ಬರುವ ನದಿಯನ್ನು ಎರಡು ಗೋಡೆಗಳ ನಡುವೆ ಬಿಗಿದರೆ ನೆರೆಯೇ ಮರಳು ದಿಬ್ಬವನ್ನು ಗುಡಿಸಿ ಹಾಕುತ್ತದೆ. ಸ್ವಾನ್ ಸೌಮ್ಯ ನದಿ, ಅಲ್ಲಿನ ಭರತ ಇಳಿತಗಳ ಅಂತರವೂ ಒಂದು ಮೀಟರಿಗಿಂತ ಕಡಿಮೆ. ನೀರಿಗೆ ಗುಡಿಸುವ ಶಕ್ತಿಯಿಲ್ಲ. ಹಾಗಾಗಿ ಬಂಡೆಯನ್ನು ಕೊರೆದು ಸಿಡಿಸಬೇಕು, ತಳದ ಹೂಳೆತ್ತುವ ಡ್ರೆಜ್ಜರಿನಿಂದ 30 ಅಡಿ ಆಳಕ್ಕೆ ತೆಗೆಯಬೇಕು, ಉತ್ತರ ದಕ್ಷಿಣಕ್ಕೆ ಎರಡು ಕಲ್ಲಿನ ಅಲೆತಡೆಗಳನ್ನು ಚಾಚಬೇಕು. ಸದನ ಅವರ ವಾದವನ್ನು ಕೇಳಿ ಒಪ್ಪಿತು. 1892ರ ನವೆಂಬರಿನಲ್ಲಿ ಮೊದಲ ಕಲ್ಲು ಬಿತ್ತು. ಇಂಥ ಕೆಲಸದಲ್ಲಿ ಒಳಗೆ ಸಣ್ಣ ಕಲ್ಲು, ಕಡಲಿನ ಮೋರೆಗೆ ದೊಡ್ಡ ಕಲ್ಲು. ಸುಣ್ಣಕಲ್ಲು ಹತ್ತಿರ ಸಿಗುತ್ತದೆ, ಅಗ್ಗ, ಆದರೆ ಅಲೆಯ ಹೊಡೆತಕ್ಕೆ ಸವೆಯುತ್ತದೆ, ಅದಕ್ಕೇ ಹೊರಮೈಗೆ ಗ್ರಾನೈಟ್ ಬೇಕು. 1897ರ ಮೇ 4ರಂದು ‘ಸುಲ್ತಾನ್’ ಎಂಬ ಹಡಗು ಒಳಗೆ ಬಂತು, 1900ರಲ್ಲಿ ಅಂಚೆ ಹಡಗುಗಳು ಆಲ್ಬನಿ ಬಿಟ್ಟು ಇಲ್ಲಿಗೇ ಬರತೊಡಗಿದವು. ಆ ಒಳಬಂದರು ಇವತ್ತಿಗೂ ದುಡಿಯುತ್ತಿದೆ. ಕೂಡ್ ತಿಳಿಯದವರಾಗಿರಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ಇಬ್ಬರು ಬಲ್ಲವರ ನಡುವೆ ಭಿನ್ನಾಭಿಪ್ರಾಯವಿತ್ತು, ಅದು ಸಾರ್ವಜನಿಕವಾಗಿ ಚರ್ಚೆಯಾಯಿತು.

ಈಗ ನೀರಿಗೆ ಬರೋಣ.

1892ರಲ್ಲಿ ಕೂಲ್ಗಾರ್ಡಿಯಲ್ಲಿ, ಮರುವರ್ಷ ಕಾಲ್ಗುರ್ಲಿಯಲ್ಲಿ ಚಿನ್ನ ಸಿಕ್ಕಿತು. ಪಶ್ಚಿಮ ಕರಾವಳಿಯ ಪರ್ತಿನಿಂದ ಐನೂರು ಕಿಲೋಮೀಟರಿಗೂ ಹೆಚ್ಚು ಒಳಗಿನ ಒಣನೆಲ, ನದಿಯಿಲ್ಲ. ನೆಲದಡಿಯ ನೀರು ಉಪ್ಪು. ಅದನ್ನು ಕಟ್ಟಿಗೆ ಉರಿಸಿ ಕಾಯಿಸಿ, ಆವಿ ಹಿಡಿದು ಮಾರುತ್ತಿದ್ದರು. ಟೈಫಾಯ್ಡಿನಿಂದ ಜನ ಸತ್ತರು. ಓಕಾನರ್ 1896ರಲ್ಲಿ ಮುಂದಿಟ್ಟ ಪರಿಹಾರ: ಪರ್ತ್ ಹತ್ತಿರದ ಬೆಟ್ಟಗಳಲ್ಲಿ ಮಂಡಾರಿಂಗ್ ಎಂಬಲ್ಲಿ ಹೆಲೆನಾ ನದಿಗೆ ಅಡ್ಡಗಟ್ಟೆ, ಅಲ್ಲಿಂದ 30 ಇಂಚು ವ್ಯಾಸದ ಉಕ್ಕಿನ ಪೈಪು, ಸುಮಾರು 530 ಕಿಲೋಮೀಟರ್, ನಡುವೆ ಎಂಟು ಪಂಪ್‌ಹೌಸ್, ದಿನಕ್ಕೆ 50 ಲಕ್ಷ ಗ್ಯಾಲನ್. ಖರ್ಚು 25 ಲಕ್ಷ ಪೌಂಡ್, ಅದೂ ಲಂಡನ್ನಿನಲ್ಲಿ ಎತ್ತಬೇಕಾದ ಸಾಲ.

50 ಲಕ್ಷ ಗ್ಯಾಲನ್ ಅಂದರೆ ಸುಮಾರು 2.27 ಕೋಟಿ ಲೀಟರ್. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ 0.3 ಟಿಎಂಸಿ ಕೂಡ ಆಗುವುದಿಲ್ಲ. ಟಿಎಂಸಿಯ ಕಣ್ಣಿಗೆ ಇದು ಏನೂ ಅಲ್ಲ. ಪೈಪಿನ ಕಣ್ಣಿಂದ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. 30 ಇಂಚಿನ ಕೊಳವೆಯಲ್ಲಿ ಅಷ್ಟು ನೀರು ಹೋಗಬೇಕಾದರೆ ವೇಗ ಸೆಕೆಂಡಿಗೆ ಸುಮಾರು 58 ಸೆಂಟಿಮೀಟರ್, ನಿಧಾನವಾಗಿ ನಡೆಯುವ ಮನುಷ್ಯನಿಗಿಂತಲೂ ಕಡಿಮೆ. ಒಂದು ಹನಿ ಮಂಡಾರಿಂಗ್ ಬಿಟ್ಟು ಕಾಲ್ಗುರ್ಲಿ ಸೇರಲು, ನಡುವಿನ ತೊಟ್ಟಿಗಳಲ್ಲಿ ನಿಲ್ಲುವುದನ್ನು ಬಿಟ್ಟರೂ, ಹತ್ತು ದಿನಕ್ಕಿಂತ ಹೆಚ್ಚು ಬೇಕು.

ಕಾಲ್ಗುರ್ಲಿ ಇರುವುದು ಸಮುದ್ರಮಟ್ಟದಿಂದ ಸುಮಾರು 370 ಮೀಟರ್ ಎತ್ತರದಲ್ಲಿ. ನದಿಯ ಮಟ್ಟ ಕಳೆದು, ಊರಿನ ಗುಡ್ಡದ ಮೇಲಿನ ತೊಟ್ಟಿ ಸೇರಿಸಿದರೆ ನೀರನ್ನು 300 ಮೀಟರಿಗೂ ಹೆಚ್ಚು ಎತ್ತಬೇಕು. ಇದು ಎಲ್ಲರಿಗೂ ಕಾಣುವ ಎತ್ತರ. ಕಾಣದ ಎತ್ತರವೊಂದಿದೆ, ಪೈಪಿನ ಗೋಡೆಯ ತಿಕ್ಕಾಟ. ಹೊಸ ಉಕ್ಕಿನ ಪೈಪಿಗೆ ಇಂದಿನ ಸೂತ್ರ ಹಾಕಿದರೆ ಕಿಲೋಮೀಟರಿಗೆ ಅರ್ಧ ಮೀಟರಿಗೆ ಹತ್ತಿರ. ಅರ್ಧ ಮೀಟರ್ ತಾನೇ ಅನ್ನಿಸುತ್ತದೆ. 530ರಿಂದ ಗುಣಿಸಿ: 250 ಮೀಟರ್. ಬೆಟ್ಟದಷ್ಟೇ ದೊಡ್ಡ ಇನ್ನೊಂದು ಬೆಟ್ಟ ಪೈಪಿನೊಳಗೇ ಅಡಗಿ ಕೂತಿದೆ.

ದೂರದ ನೀರಿನ ಯೋಜನೆಯ ಪ್ರಾಣ ಇರುವುದು ಈ ಅಂಕಿಯಲ್ಲಿ. ಹಣ ಉಳಿಸಲು 30 ಇಂಚಿನ ಬದಲು 24 ಇಂಚಿನ ಪೈಪು ಹಾಕಿದ್ದರೆ ತಿಕ್ಕಾಟ ಹೆಚ್ಚೂಕಡಿಮೆ ಮೂರು ಪಟ್ಟಾಗುತ್ತಿತ್ತು. 36 ಇಂಚು ಹಾಕಿದ್ದರೆ ಅರ್ಧಕ್ಕಿಂತ ಕೆಳಗಿಳಿಯುತ್ತಿತ್ತು, ಉಕ್ಕಿನ ತೂಕ ಏರುತ್ತಿತ್ತು. ಪೈಪಿನ ಹಣ ಒಂದು ಸಲ ಕೊಡುವಂಥದು, ಪಂಪಿನ ಹಣ ಯೋಜನೆ ಇರುವಷ್ಟು ದಿನ ಕೊಡುವಂಥದು. ಈ ಎರಡನ್ನೂ ತೂಗಿ ವ್ಯಾಸ ನಿರ್ಧರಿಸಬೇಕು. ಟೆಂಡರಿನ ಮೊತ್ತ ಕಡಿಮೆ ಕಾಣಲಿ ಎಂದು ಪೈಪನ್ನು ಸಣ್ಣದು ಮಾಡಿದರೆ ಆ ಉಳಿತಾಯವನ್ನು ಮುಂದಿನ ನಲವತ್ತು ವರ್ಷದ ವಿದ್ಯುತ್ ಬಿಲ್ಲು ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಒಬ್ಬನ ಲೆಕ್ಕವನ್ನು ನಂಬಿ ಅಷ್ಟು ಸಾಲ ಎತ್ತುವುದು ಬೇಡವೆಂದು, 1897ರಲ್ಲಿ ಲಂಡನ್ನಿನಲ್ಲಿ ಕ್ಯಾರುದರ್ಸ್, ಡೀಕನ್, ಅನ್ವಿನ್ ಎಂಬ ಮೂವರು ತಜ್ಞರ ಮುಂದೆ ಯೋಜನೆಯನ್ನು ಇಟ್ಟರು. ಡೀಕನ್ ಲಿವರ್‌ಪೂಲಿಗೆ ವೇಲ್ಸಿನ ವಿರ್ನ್ವಿ ಕಣಿವೆಯಿಂದ ನೀರು ತಂದವರು. ಮೂವರೂ ಯೋಜನೆಯನ್ನು ಜರಡಿ ಹಿಡಿದು ಒಪ್ಪಿದರು. ಹೊರಗಿನ ತಜ್ಞರ ತಪಾಸಣೆ ಓಕಾನರಿಗೆ ಅವಮಾನವಾಗಿ ಕಾಣಲಿಲ್ಲ, ಅದು ಕೆಲಸದ ಒಂದು ಹಂತವಷ್ಟೇ ಆಗಿತ್ತು.

ಎಂಟು ಪಂಪ್‌ಹೌಸಿನಲ್ಲಿ ಒಟ್ಟು 20 ಉಗಿ ಎಂಜಿನ್ನು, ಎಲ್ಲವೂ ಲಂಡನ್ನಿನ ಜೇಮ್ಸ್ ಸಿಂಪ್ಸನ್ ಕಂಪನಿಯವು. ಮೊದಲ ನಾಲ್ಕರಲ್ಲಿ ಮೂರು ಮೂರು, ಎರಡು ಓಡಿದರೆ ಒಂದು ಕಾಯ್ದಿಟ್ಟದ್ದು. ಉಳಿದ ನಾಲ್ಕರಲ್ಲಿ ಎರಡೆರಡು. ಸರಪಳಿಯಂತೆ ಕೂಡಿಸಿದ ಪಂಪ್‌ಹೌಸುಗಳಲ್ಲಿ ಒಂದು ನಿಂತರೆ ಮುಂದಿನದಕ್ಕೆ ನೀರಿಲ್ಲ, ಹಿಂದಿನದರ ನೀರಿಗೆ ಜಾಗವಿಲ್ಲ. ಅದಕ್ಕಾಗಿ ಪ್ರತಿಯೊಂದರ ಬಳಿ ತೊಟ್ಟಿ, ಅದಕ್ಕಾಗಿ ಕಾಯ್ದಿಟ್ಟ ಎಂಜಿನ್. ಕಾಯ್ದಿಟ್ಟ ಪಂಪಿಲ್ಲದ ಏರುಕೊಳವೆ (ಪಂಪು ನೀರನ್ನು ಮೇಲಕ್ಕೆ ತಳ್ಳುವ ಪೈಪು) ಕಾಗದದ ಮೇಲೆ ಮಾತ್ರ ಅಗ್ಗ. ಪೈಪಿನ ಸಾಲು ಹೆಚ್ಚಿನ ದೂರ ರೈಲುಹಳಿಯ ಪಕ್ಕದಲ್ಲೇ ಸಾಗಿತು. ಪೈಪು, ಸೀಸ, ಕಲ್ಲಿದ್ದಲು ಎಲ್ಲ ಅದೇ ಹಳಿಯ ಮೇಲೆ ಬಂತು.

ಪೈಪನ್ನು ಸ್ವಲ್ಪ ಹತ್ತಿರದಿಂದ ನೋಡಿ. ಆ ಕಾಲದಲ್ಲಿ ದೊಡ್ಡ ಉಕ್ಕಿನ ಪೈಪೆಂದರೆ ಹಾಳೆಯನ್ನು ಸುತ್ತಿ ಉದ್ದಕ್ಕೂ ರಿವೆಟ್ ಹೊಡೆಯುವುದು. ಪ್ರತಿ ರಿವೆಟಿಗೂ ಒಂದು ತೂತು, ತೂತಿನ ಸಾಲಿನಲ್ಲಿ ಹಾಳೆ ಬಲಗುಂದುತ್ತದೆ, ತೂತಿನಲ್ಲೇ ಸೋರುತ್ತದೆ, ಒಳಗೆ ಚಾಚಿದ ರಿವೆಟ್ ತಲೆಗಳು ನೀರನ್ನು ತಡೆಯುತ್ತವೆ. ಆಸ್ಟ್ರೇಲಿಯಾದ ಮೆಫನ್ ಫರ್ಗುಸನ್ ಇದಕ್ಕೆ ಬೇರೆ ದಾರಿ ಕಂಡುಕೊಂಡಿದ್ದರು. ಎರಡು ಹಾಳೆಗಳನ್ನು ಅರ್ಧವೃತ್ತಕ್ಕೆ ಬಾಗಿಸಿ, ಅವುಗಳ ಅಂಚನ್ನು ದಪ್ಪ ಮಾಡಿ, ಇಂಗ್ಲಿಷಿನ ‘ಎಚ್’ ಅಕ್ಷರದಂತಿರುವ ಉಕ್ಕಿನ ಪಟ್ಟಿಯ ಎರಡು ಬಾಯಿಗಳಿಗೆ ಅಂಚುಗಳನ್ನು ತೂರಿಸಿ, ಹೈಡ್ರಾಲಿಕ್ ಒತ್ತಡದಲ್ಲಿ ಪಟ್ಟಿಯನ್ನು ಕಚ್ಚಿಸಿಬಿಡುವುದು. ಒಂದೂ ತೂತಿಲ್ಲ. 28 ಅಡಿ ಉದ್ದದ ಇಂಥ ಅರವತ್ತು ಸಾವಿರಕ್ಕೂ ಹೆಚ್ಚು ಪೈಪುಗಳನ್ನು ಫರ್ಗುಸನ್ ಮತ್ತು ಹಾಸ್ಕಿನ್ಸ್ ಎಂಬ ಇಬ್ಬರು ಗುತ್ತಿಗೆದಾರರು ಪರ್ತ್ ಹತ್ತಿರವೇ ಕಾರ್ಖಾನೆ ಹಾಕಿ ಮಾಡಿಕೊಟ್ಟರು. ಆಗ ಇನ್ನೂ ಹೊಸದಾಗಿದ್ದ ಪೈಪನ್ನು ಆರಿಸಿದ ಹೊಣೆ ಓಕಾನರದು.

ಜೋಡಣೆಯೇ ದೊಡ್ಡ ತಲೆನೋವು. ಎರಡು ಪೈಪುಗಳ ತುದಿಯ ಮೇಲೆ ಉಕ್ಕಿನ ಬಳೆ ಏರಿಸಿ, ಬಳೆಗೂ ಪೈಪಿಗೂ ನಡುವಿನ ಸಂದಿಗೆ ಕರಗಿಸಿದ ಸೀಸ ಹೊಯ್ಯಬೇಕು. ಸೀಸ ಆರುವಾಗ ಕುಗ್ಗುತ್ತದೆ, ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಅದಕ್ಕೆ ಉಳಿಯಿಟ್ಟು ಸುತ್ತಲೂ ಬಡಿದು ಸೀಸವನ್ನು ಒಳಗೆ ಗಿಡಿಯಬೇಕು. ಪೈಪಿನ ಮೇಲ್ಭಾಗದಲ್ಲಿ ಸಲೀಸು. ಕೆಳಭಾಗದಲ್ಲಿ, ಕಾಲುವೆಯ ತಳದಲ್ಲಿ ಮಲಗಿ ಮೇಲಕ್ಕೆ ಸುತ್ತಿಗೆ ಬೀಸುವವನ ಕೈ ಸೋಲುತ್ತದೆ, ಸೋರುವುದೂ ಅಲ್ಲೇ. ಬಳೆಯ ಎರಡು ಅಂಚು ಸೇರಿ ಒಂದು ಜೋಡಣೆಗೆ ಸುಮಾರು 4.8 ಮೀಟರ್ ಸೀಸದ ಅಂಚು. ಇಡೀ ಸಾಲಿನಲ್ಲಿ ಸುಮಾರು 62,000 ಜೋಡಣೆ. ಕೂಡಿಸಿದರೆ 300 ಕಿಲೋಮೀಟರಿಗೆ ಹತ್ತಿರ ಬಡಿಯಬೇಕಾದ ಅಂಚು. ಪ್ರತಿ ಜೋಡಣೆ ಗಂಟೆಗೆ ಒಂದೇ ಲೀಟರ್ ಸೋರಿದರೂ ದಿನಕ್ಕೆ ಸುಮಾರು 15 ಲಕ್ಷ ಲೀಟರ್ ಮಣ್ಣುಪಾಲು, ಕಳುಹಿಸಿದ ನೀರಿನ ಶೇಕಡಾ 6ಕ್ಕಿಂತ ಹೆಚ್ಚು. ಅದಕ್ಕೆಂದೇ ವಿದ್ಯುತ್ತಿನಿಂದ ನಡೆಯುವ ಬಡಿಯುವ ಯಂತ್ರವನ್ನು ತರಿಸಿದರು. ಯಂತ್ರಕ್ಕೆ ಮೇಲೂ ಒಂದೇ, ಕೆಳಗೂ ಒಂದೇ.

ಈ ಯಂತ್ರದ ಗುತ್ತಿಗೆಯೇ ಪತ್ರಿಕೆಗಳ ದಾಳಿಗೆ ನೆಪವಾಯಿತು. ಅಣೆಕಟ್ಟಿನ ಬುನಾದಿಯೂ ಅಷ್ಟೇ. ಅಗೆದಾಗ ಬಂಡೆಯಲ್ಲಿ ಬಿರುಕಿನ ಪಟ್ಟೆ ಸಿಕ್ಕಿತು, ಗಟ್ಟಿ ತಳ ಹುಡುಕುತ್ತಾ ನದಿಯ ಮಟ್ಟದಿಂದ ಸುಮಾರು 90 ಅಡಿ ಕೆಳಗಿಳಿಯಬೇಕಾಯಿತು. ಖರ್ಚು, ತಡ ಎರಡೂ ಏರಿದವು. ಅಲ್ಲಿ ಬಿರುಕನ್ನು ಕಂಡೂ ಕಾಣದಂತೆ ಮುಚ್ಚಿದ್ದರೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಕಟ್ಟೆ ತುಂಬಿದ ಮೇಲೆ ನೀರು ಕೇಳುತ್ತಿತ್ತು.

1901ರಲ್ಲಿ ಫಾರೆಸ್ಟ್ ಆಸ್ಟ್ರೇಲಿಯಾದ ಹೊಸ ಒಕ್ಕೂಟ ಸರ್ಕಾರಕ್ಕೆ ಹೋದರು. ಬೆನ್ನಿಗೆ ನಿಂತವರು ಯಾರೂ ಉಳಿಯಲಿಲ್ಲ. ನೀರು ಗುಡ್ಡ ಹತ್ತುವುದಿಲ್ಲ ಎಂದರು, ಲಂಚ ಎಂದರು. ಸರ್ಕಾರಿ ನೌಕರನಾಗಿ ಓಕಾನರ್ ಪತ್ರಿಕೆಗೆ ಉತ್ತರ ಬರೆಯುವಂತಿರಲಿಲ್ಲ. 1902ರ ಮಾರ್ಚ್ 10ರಂದು ಅವರು ತಮ್ಮ ಜೀವ ತಾವೇ ಕಳೆದುಕೊಂಡರು. ಬಿಟ್ಟುಹೋದ ಚೀಟಿಯಲ್ಲಿ ಯೋಜನೆ ಸರಿಯಾಗಿದೆ, ಅಪಪ್ರಚಾರದಿಂದ ರಕ್ಷಣೆ ಸಿಕ್ಕಿದ್ದರೆ ಮುಗಿಸುತ್ತಿದ್ದೆ ಎಂದಿತ್ತು. ಕೊನೆಯ ಸಾಲು ಒಂದು ಕಾಮಗಾರಿ ಸೂಚನೆ: ಹೆಲೆನಾ ಕಟ್ಟೆಯ ರೆಕ್ಕೆಗೋಡೆಗಳನ್ನು (ಎರಡು ಪಕ್ಕದ ಗೋಡೆಗಳನ್ನು) ತಕ್ಷಣ ಕಟ್ಟಿ.

ನಲ್ಲಿ ತಿರುಗಿಸಿದಾಗ ನೀರು ಬರಲಿಲ್ಲ, ಅದಕ್ಕೇ ಸತ್ತರು ಎಂಬ ಕಥೆ ಇಂದಿಗೂ ಆಸ್ಟ್ರೇಲಿಯಾದಲ್ಲಿ ಓಡಾಡುತ್ತದೆ. ಅದು ಸುಳ್ಳು. ಪಂಪುಗಳು ದೂರಕ್ಕೆ ನೀರು ತಳ್ಳಲು ಶುರುಮಾಡಿದ್ದೇ ಅವರು ತೀರಿಕೊಂಡ ಮೇಲೆ, ಏಪ್ರಿಲಿನಲ್ಲಿ. ಡಿಸೆಂಬರಿನಲ್ಲಿ ಕೂಲ್ಗಾರ್ಡಿಗೆ ನೀರು ಬಂತು. 1903ರ ಜನವರಿ 24ರಂದು ಫಾರೆಸ್ಟ್ ಕಾಲ್ಗುರ್ಲಿಯಲ್ಲಿ ನೀರು ಬಿಟ್ಟರು. ತನಿಖೆಯಲ್ಲಿ ಓಕಾನರ್ ಲಂಚ ತೆಗೆದುಕೊಂಡರೆಂಬುದಕ್ಕೆ ಏನೂ ಸಿಗಲಿಲ್ಲ.

ಅದೇ 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ತಲುಪಿತ್ತು. ಒಂದೇ ವರ್ಷ, ಎರಡು ಚಿನ್ನದ ನೆಲ. ಒಂದಕ್ಕೆ ದೂರದಿಂದ ಕರೆಂಟು, ಇನ್ನೊಂದಕ್ಕೆ ದೂರದಿಂದ ನೀರು. ಇವತ್ತು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಮೆಟ್ಟಿಲಲ್ಲಿ ಸುಮಾರು 500 ಮೀಟರ್ ಎತ್ತಿ ಬೆಂಗಳೂರಿಗೆ ತರುವ ಕಾವೇರಿ ನೀರಿನ ಲೆಕ್ಕವೂ ಕೂಲ್ಗಾರ್ಡಿಯ ಲೆಕ್ಕದ ಜಾತಿಯದೇ.

ಓಕಾನರ್ ಲೆಕ್ಕದಲ್ಲಿ ಬಾರದ ತಪ್ಪುಗಳೂ ಮುಂದೆ ಬಂದವು, ಅವನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನಮಗೆ ಬೇಡ. ಪೈಪನ್ನು ಉಪ್ಪುಮಣ್ಣಿನಲ್ಲಿ ಹೂತದ್ದರಿಂದ ಹೊರಮೈ ತುಕ್ಕು ಹಿಡಿಯಿತು. ಒಳಮೈಯಲ್ಲೂ ತುಕ್ಕಿನ ಗಂಟುಗಳು ಬೆಳೆದವು. ಒರಟಾದ ಹಳೆಯ ಪೈಪೆಂದು ಹಿಡಿದು ನಮ್ಮ ಲೆಕ್ಕ ಮತ್ತೆ ಮಾಡಿದರೆ 250 ಮೀಟರ್ ತಿಕ್ಕಾಟ 500 ಮೀಟರ್ ದಾಟುತ್ತದೆ. ಮುಕ್ಕಾಲುಪಾಲು ದಕ್ಷತೆಯ ಪಂಪಿಗೆ, ಸಾವಿರ ಲೀಟರಿಗೆ 2 ಯೂನಿಟ್ ಸಾಕಾಗುತ್ತಿದ್ದದ್ದು 3 ಯೂನಿಟ್ ಆಗುತ್ತದೆ. ಕೊನೆಗೆ ಪೈಪನ್ನು ಹಂತಹಂತವಾಗಿ ಬದಲಿಸಿ, ನೆಲದ ಮೇಲೆ ತಂದು, ಒಳಗೆ ಸಿಮೆಂಟ್ ಲೇಪಿಸಬೇಕಾಯಿತು. ಇನ್ನೊಂದು ತಪ್ಪು ಕಟ್ಟೆಯ ಹಿಂದೆ ನಡೆಯಿತು. 1903ರಲ್ಲಿ, ಹರಿದು ಬರುವ ನೀರು ಹೆಚ್ಚಲೆಂದು ಜಲಾನಯನದ ಮರಗಳ ಸುತ್ತ ತೊಗಟೆ ಕೆತ್ತಿ ಒಣಗಿಸಿದರು. ಮರ ಹೀರುವುದು ನಿಂತ ಮೇಲೆ ನೆಲದಡಿಯ ನೀರು ಏರಿತು, ಮಣ್ಣಿನಲ್ಲಿದ್ದ ಉಪ್ಪನ್ನೂ ಹೊತ್ತು ತಂದಿತು. ಕಟ್ಟೆಯ ನೀರೇ ಉಪ್ಪಾಗತೊಡಗಿದಾಗ ಆ ಕೆಲಸ ನಿಲ್ಲಿಸಿ ಕಾಡನ್ನು ಮತ್ತೆ ಬೆಳೆಯಲು ಬಿಟ್ಟರು.

ಇಷ್ಟನ್ನು ಓದಿದ ಮೇಲೆ ತಮ್ಮಲ್ಲಿ ನಮ್ಮ ಕೋರಿಕೆ ಹೀಗಿದೆ. ಏರುಕೊಳವೆಯ ಯಾವುದೇ ಯೋಜನೆಗೆ ಹಣ ಕೇಳಿದಾಗ ಪ್ರತಿ ಪಂಪ್‌ಹೌಸಿನ ನಿಜ ಎತ್ತರ, ತಿಕ್ಕಾಟದ ಹೆಡ್, ಪೈಪು ಹಳೆಯದಾದಾಗಿನ ಹೆಡ್ ಎಂದು ಮೂರು ಅಂಕಿಗಳನ್ನು ಬೇರೆಬೇರೆಯಾಗಿ ಕೇಳಿ. ಸಾವಿರ ಲೀಟರಿಗೆ ಎಷ್ಟು ಯೂನಿಟ್ ಎಂದು ಕೇಳಿ, ಆ ಬಿಲ್ಲನ್ನು ಯಾರು ಕಟ್ಟುತ್ತಾರೆ ಎಂದೂ ಕೇಳಿ. ಕಾಯ್ದಿಟ್ಟ ಪಂಪು ಎಷ್ಟು, ಒಂದು ಪಂಪ್‌ಹೌಸ್ ನಿಂತರೆ ಮುಂದಿನ ತೊಟ್ಟಿ ಎಷ್ಟು ಗಂಟೆ ತಡೆಯುತ್ತದೆ ಎಂದು ಕೇಳಿ. ಯೋಜನೆ ಶುರುವಾದ ಮೇಲೆ ಕಳುಹಿಸಿದ ನೀರು, ತಲುಪಿದ ನೀರು ಎರಡನ್ನೂ ಮೀಟರಿನಲ್ಲಿ ಅಳೆದು ತಿಂಗಳಿಗೊಮ್ಮೆ ಪ್ರಕಟಿಸಲಿ. ನೀರು ಹುಟ್ಟುವ ಕಾಡಿನಲ್ಲಿ ಏನು ಕಡಿಯುತ್ತಾರೆ ಎಂಬುದೂ ಅದೇ ವರದಿಯಲ್ಲಿರಲಿ. ಯೋಜನೆಯ ಮುಖ್ಯ ಎಂಜಿನಿಯರ್ ಸದನ ಸಮಿತಿಯ ಮುಂದೆ, ಪತ್ರಕರ್ತರ ಎದುರಿಗೆ, ತನ್ನ ಲೆಕ್ಕವನ್ನು ತಾನೇ ವಿವರಿಸಲಿ. ತಪ್ಪಿದ್ದರೆ ಅಲ್ಲೇ ತಿದ್ದಲಿ, ಸುಳ್ಳು ಆರೋಪ ಬಂದರೆ ಅಲ್ಲೇ ಉತ್ತರಿಸಲಿ. ಅದಕ್ಕೆ ನಡತೆ ನಿಯಮಗಳು ಅಡ್ಡ ಬಂದರೆ ನಿಯಮವನ್ನು ತಿದ್ದುವ ಅಧಿಕಾರ ತಮಗಿದೆ.

ಪತ್ರಕರ್ತ ಮಿತ್ರರೇ, ಆ ಪುಟ ಹೊರಬಂದ ದಿನ ಅದನ್ನು ಗುಣಿಸಿ, ಭಾಗಿಸಿ ನೋಡಿ. ತಿಕ್ಕಾಟದ ಅಂಕಿ ತೀರಾ ಚಿಕ್ಕದಾಗಿ ಕಂಡರೆ ಪೈಪಿನ ವ್ಯಾಸವನ್ನೂ ಹರಿವನ್ನೂ ಪಕ್ಕಪಕ್ಕ ಇಟ್ಟು ಮತ್ತೊಮ್ಮೆ ಕೇಳಿ.

ಇಂತಿ,
ನೀರು ಸರಬರಾಜು ಮತ್ತು ಬಂದರು ಕಾಮಗಾರಿಗಳಲ್ಲಿ ದುಡಿಯುವ ಕೆಲವು ಸಿವಿಲ್ ಎಂಜಿನಿಯರುಗಳು